ಬಗ್ಗಡ ನೀರು ಗೇಟು ದಾಟಬಾರದು: ಕಟ್ಟಡದ ಸೈಟಿನಲ್ಲಿ ಮಳೆನೀರು ನೋಡಿಕೊಳ್ಳುವ ಬಗೆ

ಚಿತ್ತೆ ಮಳೆಯ ಒಂದು ರಾತ್ರಿ, ಎರಡೂವರೆಗೆ ವಾಚ್‌ಮನ್ ಫೋನ್ ಮಾಡಿದ. "ಮೇಡಂ, ನಮ್ಮ ಕೆಸರು ನೀರು ಪಕ್ಕದ ಮನೆ ಸಂಪಿಗೆ ನುಗ್ಗಿದೆ. ಗೇಟಿಗೆ ಬಂದು ಕೂಗಾಡ್ತಿದ್ದಾರೆ." ನಾನು ಸೈಟು ಮುಟ್ಟುವಾಗ ಬೆಳಗಾಗಿತ್ತು, ಮಳೆ ನಿಂತಿತ್ತು. ರಸ್ತೆ ಉದ್ದಕ್ಕೂ ಕಾವಿ ಬಣ್ಣದ ಕೆಸರು ಬಳಿದಂತಿತ್ತು. ಆ ಮನೆಯ ಯಜಮಾನರಿಗೆ ಕೂಗಾಡಿ ಸಾಕಾಗಿತ್ತೋ ಏನೋ, ಒಂದು ಮಾತೂ ಆಡಲಿಲ್ಲ. ಸಂಪಿನಿಂದ ಒಂದು ಬಕೆಟ್ ನೀರು ಎತ್ತಿ ನನ್ನ ಕಾಲ ಬಳಿ ಇಟ್ಟು ಒಳಗೆ ಹೋದರು.

ನಮ್ಮ ಸೈಟಿನಲ್ಲಿ ಆಗ ಹಸಿರು ಬಲೆ ಕಟ್ಟಿತ್ತು. ಮರಳು ಮೂಟೆ ಇಟ್ಟಿತ್ತು. ಫೈಲಿನಲ್ಲಿ ಮಳೆನೀರು ನಿರ್ವಹಣೆ ಅಂತ ಬಣ್ಣಬಣ್ಣದ ನಕ್ಷೆಯೂ ಇತ್ತು. ಆ ರಾತ್ರಿ ಒಂದೂ ಕೆಲಸಕ್ಕೆ ಬರಲಿಲ್ಲ. ಸಂಪು ತೊಳೆಸಿ, ಎರಡು ಟ್ಯಾಂಕರ್ ನೀರು ತುಂಬಿಸಿಕೊಟ್ಟು, ಮೋರಿಯ ಹೂಳು ಎತ್ತಿಸುವಷ್ಟರಲ್ಲಿ ಮೂರು ದಿನ ಕೆಲಸ ನಿಂತಿತು.

ಅದಾಗಿ ಒಂಬತ್ತು ವರ್ಷ. ಆಮೇಲೆ ಬೆಂಗಳೂರು ಪೂರ್ವದಲ್ಲಿ, ವರ್ತೂರು ಕಡೆ, ಐದು ಸೈಟುಗಳಲ್ಲಿ ಪರಿಸರ ಮತ್ತು ಸುರಕ್ಷತೆಯ ಕೆಲಸ ನೋಡಿಕೊಂಡಿದ್ದೇನೆ. ಆ ಮೊದಲ ಸೈಟಿನಲ್ಲಿ ಯಾದಗಿರಿಯ ಒಬ್ಬ ಮೇಸ್ತ್ರಿ ಇದ್ದರು. ಕೆಸರು ಬಳಿಯುತ್ತಾ ಅವರು ಹೇಳಿದ್ದು: "ಮೇಡಂ, ಹೊಲದಾಗ ನಾವು ಮೊದಲ ಬದು ಹಾಕ್ತೀವ್ರಿ, ಆಮ್ಯಾಲ ಬಿತ್ತತೀವಿ. ನೀವು ಮೊದಲ ಅಗೀತೀರಿ, ಆಮ್ಯಾಲ ನೀರು ಹಿಡೀಲಿಕ್ಕ ಓಡ್ತೀರಿ." ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದವಳಿಗೆ ಇದು ಹೊಳೆದಿರಲಿಲ್ಲ. ಮುಂದೆ ನಾನು ಹೇಳುವುದೆಲ್ಲ ಈ ಮಾತಿನ ವಿಸ್ತರಣೆ ಅಂದುಕೊಳ್ಳಿ.

ಕೊಡೆ ಹಿಡಿದು ಒಂದು ಸುತ್ತು

ಮೊದಲ ಹಿಟಾಚಿ ಬರುವ ಮುಂಚೆ, ಮಳೆ ಬರುವಾಗಲೇ ಜಾಗ ನಡೆದು ನೋಡಿ. ನೆಲದ ಏರುತಗ್ಗು ತೋರಿಸುವ ಕಾಂಟೂರ್ ನಕ್ಷೆ ಕೈಯಲ್ಲಿದ್ದರೂ ನಡೆಯಿರಿ. ನೀರು ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಹೊರಗೆ ಹೋಗುತ್ತದೆ ಅನ್ನುವ ಮೂರಕ್ಕೂ ಸುಣ್ಣದ ಪುಡಿಯಲ್ಲಿ ಗುರುತು ಹಾಕಿ, ಫೋಟೊ ತೆಗೆದುಕೊಳ್ಳಿ.

ಎಲ್ಲರೂ ಮರೆಯುವುದು ಮೊದಲನೆಯದನ್ನು. ನಮ್ಮ ಸೈಟಿಗೆ ಅವತ್ತು ಬಂದ ನೀರಿನಲ್ಲಿ ಅರ್ಧಕ್ಕರ್ಧ ನಮ್ಮದೇ ಆಗಿರಲಿಲ್ಲ. ಮೇಲಿನ ಲೇಔಟಿನ ರಸ್ತೆ ನೀರು ಉತ್ತರದ ಮೂಲೆಯಲ್ಲಿ ಕಾಂಪೌಂಡ್ ಒಡೆದ ಕಡೆಯಿಂದ ನುಗ್ಗಿ, ನಮ್ಮ ಮಣ್ಣಿನ ರಾಶಿ ಕೊಚ್ಚಿಕೊಂಡು, ದಕ್ಷಿಣದ ಗೇಟಿನಲ್ಲಿ ಹೊರಟಿತ್ತು. ಹೊರಗಿನ ಶುದ್ಧ ನೀರನ್ನು ಒಳಗಿನ ಮಣ್ಣು ಮುಟ್ಟದಂತೆ ಪಕ್ಕದಲ್ಲೇ ಸಾಗಿಸಿಬಿಟ್ಟರೆ ನಿಮ್ಮ ತಲೆನೋವು ಅರ್ಧ ಇಳಿಯುತ್ತದೆ. ಅದಕ್ಕೆ ಬೇಕಾದ್ದು ಮೇಲ್ಭಾಗದಲ್ಲಿ ಅಡ್ಡಲಾಗಿ ಒಂದು ಕಾಲುವೆ, ಅದರ ಕೆಳಬದಿಗೆ ಅಗೆದ ಮಣ್ಣಿನದೇ ಒಂದು ಬದು. ಬದು ಎರಡು ಅಡಿ ಎತ್ತರ ಇರಲಿ, ಸಲಿಕೆಯಲ್ಲಿ ತಟ್ಟಿ ಗಟ್ಟಿ ಮಾಡಿರಿ. ಇಳಿಜಾರು ಜಾಸ್ತಿ ಇರುವ ಕಡೆ ಕಾಲುವೆ ತಳಕ್ಕೆ ಸೈಜ್ ಕಲ್ಲು ಹಾಸಿ. ಇಲ್ಲದಿದ್ದರೆ ಕಾಲುವೆಯೇ ಕೊರೆದುಕೊಂಡು ಹೋಗುತ್ತದೆ.

ನೀರು ಹೊರಗೆ ಹೋಗುವ ಕಡೆಯಿಂದ ಗೇಟಿನಾಚೆಗೂ ಒಂದಿಷ್ಟು ದೂರ ನಡೆದು ಹೋಗಿ. ನಮ್ಮದು ರಸ್ತೆ ಪಕ್ಕದ ಮೋರಿ, ಅಲ್ಲಿಂದ ರಾಜಕಾಲುವೆ, ಅಲ್ಲಿಂದ ವರ್ತೂರು ಕೆರೆ. ಕೆರೆ ಕೋಡಿ ಬಿದ್ದರೆ ದಕ್ಷಿಣ ಪಿನಾಕಿನಿ ಸೇರಿ ತಮಿಳುನಾಡಿಗೆ. ಹತ್ತಿರದಲ್ಲಿ ದೊಡ್ಡ ನದಿ ಇಲ್ಲದ ಊರಿದು. ಒಂದು ಕೆರೆಯ ಕೋಡಿ ನೀರು ಮುಂದಿನ ಕೆರೆಗೆ ಹೋಗುವಂತೆ ಹಿಂದಿನವರು ಕಟ್ಟಿಕೊಂಡಿದ್ದರು. ಸೈಟಿನಿಂದ ಹೋದ ಮಣ್ಣು ಎಲ್ಲೂ ಮಾಯ ಆಗುವುದಿಲ್ಲ. ಮೋರಿಯಲ್ಲಿ ಕೂತರೆ ಮುಂದಿನ ಮಳೆಗೆ ರಸ್ತೆ ಮುಳುಗುತ್ತದೆ, ಕೆರೆಯಲ್ಲಿ ಕೂತರೆ ಹೂಳು.

ಕಾಗದ ಪತ್ರ

ಇದು ಬೋರು, ಆದರೆ ಇಲ್ಲೇ ಹೆಚ್ಚಿನವರು ಸಿಕ್ಕಿಹಾಕಿಕೊಳ್ಳುವುದು.

ಕಟ್ಟುವ ಒಟ್ಟು ವಿಸ್ತೀರ್ಣ 20,000 ಚದರ ಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 2006ರ ಇಐಎ, ಅಂದರೆ ಪರಿಸರ ಪರಿಣಾಮ ಅಂದಾಜಿನ ಅಧಿಸೂಚನೆ ಪ್ರಕಾರ ಕೆಲಸ ಶುರು ಮಾಡುವ ಮೊದಲೇ ಪರಿಸರ ಅನುಮತಿ, ಅಂದರೆ ಇಸಿ, ಬೇಕು. ಜೊತೆಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಿಎಫ್‌ಇ, ಅಂದರೆ ಸ್ಥಾಪನೆಗೆ ಸಮ್ಮತಿ. ಕಟ್ಟಡ ಮುಗಿದ ಮೇಲೆ ಸಿಎಫ್‌ಒ, ಅಂದರೆ ನಡೆಸಲು ಸಮ್ಮತಿ. ಇಸಿ ಪತ್ರದ ಹಿಂದೆ ಷರತ್ತುಗಳ ಪಟ್ಟಿ ಇರುತ್ತದೆ. ಮೇಲ್ಮಣ್ಣು ಬೇರೆ ತೆಗೆದಿಡಬೇಕು, ಅಗೆದ ಮಣ್ಣು ಅಕ್ಕಪಕ್ಕದವರಿಗೆ ತೊಂದರೆ ಕೊಡಬಾರದು, ಡೀಸೆಲ್ಲು ಡಾಂಬರು ನೆಲಕ್ಕೆ ಇಳಿಯಬಾರದು, ಕಾರ್ಮಿಕರಿಗೆ ಶೌಚಾಲಯ ಇರಬೇಕು, ಹೀಗೆ. ಇಸಿ ಬಂದ ದಿನ ಕಚೇರಿಯಲ್ಲಿ ಸಿಹಿ ಹಂಚುತ್ತಾರೆ. ಷರತ್ತು ಓದುವವರು ಮಾತ್ರ ಯಾರೂ ಇಲ್ಲ.

ನಾನು ಮಾಡುವುದಿಷ್ಟು. ಇಸಿ ಮತ್ತು ಸಿಎಫ್‌ಇ ಎರಡರಲ್ಲೂ ನೀರು, ಮಣ್ಣು, ಎಣ್ಣೆ, ಕಸಕ್ಕೆ ಸೇರಿದ ಷರತ್ತುಗಳನ್ನು ಆರಿಸಿ, ಒಂದೊಂದನ್ನೂ ಸರಳ ಕನ್ನಡದಲ್ಲಿ ಒಂದೇ ಸಾಲಿಗೆ ಇಳಿಸುತ್ತೇನೆ. ಎದುರಿಗೆ ಯಾರ ಹೊಣೆ ಅಂತ ಹೆಸರು. ಆಮೇಲೆ ಸೈಟ್ ಆಫೀಸಿನ ಗೋಡೆಗೆ ಅಂಟಿಸುತ್ತೇನೆ. ಹೆಸರು ಬರೆಯದ ಕೆಲಸ ಯಾರ ಕೆಲಸವೂ ಅಲ್ಲ ಅಂತ ನಿಮಗೂ ಗೊತ್ತಿರುತ್ತದೆ.

ಇಸಿ ಸಿಕ್ಕ ಮೇಲೆ ಆರು ತಿಂಗಳಿಗೊಮ್ಮೆ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ಪಾಲನಾ ವರದಿ ಕೊಡಬೇಕು. ನಾನು ಹಿಂದೆ ಇದ್ದ ಒಂದು ಕಡೆ ಸಲಹೆಗಾರರೊಬ್ಬರು ಎಲ್ಲ ಷರತ್ತಿನ ಮುಂದೆಯೂ "ಪಾಲಿಸಲಾಗಿದೆ" ಅಂತ ಹಾಕಿ ಕೊಟ್ಟಿದ್ದರು. ಫೋಟೊ ಬೇರೆ ಯಾವುದೋ ಸೈಟಿನದು. ಅದರ ಹಿನ್ನೆಲೆಯಲ್ಲಿ ತೆಂಗಿನ ತೋಟ ಇತ್ತು. ನಮ್ಮ ಸೈಟಿನ ಸುತ್ತ ಒಂದೇ ಒಂದು ತೆಂಗಿನ ಮರ ಇಲ್ಲ. ಪರಿಶೀಲನೆಗೆ ಬಂದ ಅಧಿಕಾರಿ ಮೊದಲು ಕೇಳಿದ್ದೇ "ತೋಟ ಎಲ್ಲಮ್ಮಾ?" ಅಂತ. ಆಗದೆ ಇರುವುದನ್ನು "ಭಾಗಶಃ ಆಗಿದೆ, ಇಂಥ ತಾರೀಖಿನೊಳಗೆ ಮುಗಿಯುತ್ತದೆ" ಅಂತ ಬರೆದರೆ ಮರ್ಯಾದೆಯಾದರೂ ಉಳಿಯುತ್ತದೆ.

20,000 ಚದರ ಮೀಟರಿಗಿಂತ ಕಡಿಮೆ ಇದ್ದರೆ ಬಚಾವ್ ಅಂದುಕೊಳ್ಳಬೇಡಿ. 1974ರ ಜಲ ಕಾಯ್ದೆಯ 24ನೇ ಸೆಕ್ಷನ್ ಎಲ್ಲರಿಗೂ ಒಂದೇ. ಗೊತ್ತಿದ್ದೂ ಹೊಲಸು ನೀರನ್ನು ಹಳ್ಳಕ್ಕೆ, ಬಾವಿಗೆ, ಚರಂಡಿಗೆ ಬಿಡುವಂತಿಲ್ಲ. ನೀರಿನ ಹರಿವಿಗೆ ಅಡ್ಡಿಯಾಗಿ ಮಾಲಿನ್ಯ ಹೆಚ್ಚಿಸುವ ವಸ್ತುವನ್ನು ಹಳ್ಳಕ್ಕೆ ಹಾಕುವುದಕ್ಕೂ ಅದೇ ಸೆಕ್ಷನ್ ಬೇಡ ಅನ್ನುತ್ತದೆ. ಧೂಳಿನ ಬಗ್ಗೆ 2018ರ ಜನವರಿಯಲ್ಲಿ ಬಂದ ನಿಯಮ ಸಡಿಲ ಮಣ್ಣು, ಮರಳನ್ನು ಮುಚ್ಚದೆ ಬಿಡಬಾರದು ಅನ್ನುತ್ತದೆ. ಧೂಳಿಗೆ ಅಂತ ಹಾಕಿದ ಟಾರ್ಪಾಲ್ ಮಳೆಗೂ ಆಯಿತು. ಕಟ್ಟಡದ ಒಡಕಲು ಕಸಕ್ಕೆ ಬೇರೆಯೇ ನಿಯಮ ಇದೆ. 2016ರ ನಿಯಮದಲ್ಲಿ ದಿನಕ್ಕೆ 20 ಟನ್ ಅಥವಾ ಒಂದು ಯೋಜನೆಯಲ್ಲಿ ತಿಂಗಳಿಗೆ 300 ಟನ್ ದಾಟಿದವರು ಕಾಂಕ್ರೀಟು, ಮಣ್ಣು, ಕಬ್ಬಿಣ, ಮರ ಮತ್ತು ಪ್ಲಾಸ್ಟಿಕ್, ಇಟ್ಟಿಗೆ ಗಾರೆ ಅಂತ ಬೇರೆ ಬೇರೆ ಮಾಡಬೇಕಿತ್ತು, ಪಾಲಿಕೆಗೆ ಯೋಜನೆ ಕೊಡಬೇಕಿತ್ತು. 2025ರಲ್ಲಿ ಹೊಸ ನಿಯಮ ಹೊರಟಿದೆ, ಅದು 2026ರ ಏಪ್ರಿಲ್ 1ರಿಂದ. ಹಳೆ ಫೈಲು ಕಾಪಿ ಹೊಡೆಯುವ ಮೊದಲು ಯಾವುದು ಅನ್ವಯ ಅಂತ ನೋಡಿಕೊಳ್ಳಿ.

ರಾಜಕಾಲುವೆ ಪಕ್ಕದ ಸೈಟಾದರೆ ಬಫರ್, ಅಂದರೆ ಕಾಲುವೆ ಪಕ್ಕ ಕಟ್ಟದೆ ಬಿಡಬೇಕಾದ ಜಾಗದ ಗೊಂದಲ ಬೇರೆ. ಬೆಂಗಳೂರಿನ 2015ರ ಮಾಸ್ಟರ್ ಪ್ಲಾನಿನಲ್ಲಿ ಕಾಲುವೆಯ ದರ್ಜೆ ನೋಡಿ 50, 25, 15 ಮೀಟರ್ ಇತ್ತು. 2016ರಲ್ಲಿ ಹಸಿರು ನ್ಯಾಯಮಂಡಳಿ ಅದನ್ನು 50, 35, 25 ಮಾಡಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಆ ಏರಿಕೆ ರದ್ದು ಮಾಡಿತು. ನಿಮಗೆ ಬೇಕಾದ್ದು ನಿಮ್ಮ ಮಂಜೂರಾದ ನಕ್ಷೆಯಲ್ಲಿರುವ ಗೆರೆ. ಆ ಗೆರೆಯಾಚೆ ಕಟ್ಟುವುದಿಲ್ಲ ಸರಿ, "ತಾತ್ಕಾಲಿಕ" ಅಂತ ಮಣ್ಣೂ ಸುರಿಯಬೇಡಿ. ನಾನು ಕಂಡಂತೆ ಕಾಲುವೆಗೆ ಬಿದ್ದ ಮಣ್ಣೆಲ್ಲ ತಾತ್ಕಾಲಿಕವಾಗಿ ಸುರಿದದ್ದೇ.

ಇನ್ನೊಂದು ಮಾತು. ಈ ಬದು, ಗುಂಡಿ, ಜಲ್ಲಿ, ಟಾರ್ಪಾಲ್ ಎಲ್ಲವನ್ನೂ ಟೆಂಡರ್ ಬಿಒಕ್ಯೂನಲ್ಲಿ, ಅಂದರೆ ಕೆಲಸ ಮತ್ತು ಪ್ರಮಾಣಗಳ ಪಟ್ಟಿಯಲ್ಲಿ, ಬೇರೆ ಬೇರೆ ಐಟಂ ಆಗಿ, ದರದ ಸಮೇತ ಸೇರಿಸಿ. "ಕಂಟ್ರಾಕ್ಟರು ಅಗತ್ಯ ಕ್ರಮ ಕೈಗೊಳ್ಳತಕ್ಕದ್ದು" ಅಂತ ಒಂದು ಸಾಲು ಬರೆದರೆ, ಮಳೆ ಬಂದ ದಿನ "ಅದು ನಮ್ಮ ಸ್ಕೋಪಿನಲ್ಲಿಲ್ಲ ಮೇಡಂ" ಅನ್ನುತ್ತಾರೆ. ಅವರದೂ ತಪ್ಪಲ್ಲ.

ಮಣ್ಣು ಇದ್ದಲ್ಲೇ ಇರಲಿ

ಇಡೀ ಮೂರು ಎಕರೆ ಒಂದೇ ಸಲ ಸವರಿಬಿಡುವ ಆಸೆ ಎಲ್ಲ ಪ್ರಾಜೆಕ್ಟ್ ಮ್ಯಾನೇಜರಿಗೂ ಇರುತ್ತದೆ. ಹಿಟಾಚಿ ಬಾಡಿಗೆ ಉಳಿಯುತ್ತದೆ ಅನ್ನುವ ಲೆಕ್ಕ. ಬೆಂಗಳೂರಿನಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯೂ ಕಡಿಮೆಯಲ್ಲ. ಟವರ್ ಬರುವ ಕಡೆ ಮಾತ್ರ ಅಗೆದು ಉಳಿದ ಕಡೆ ಹುಲ್ಲು ಹಾಗೇ ಬಿಡಿ. ಇದ್ದ ಹುಲ್ಲು ಪುಕ್ಕಟೆ ಸಿಗುವ ಕಾವಲುಗಾರ.

ಮೇಲಿನ ಅರ್ಧ ಅಡಿ ಮಣ್ಣು ಬೇರೆ ರಾಶಿ ಮಾಡಿ. ಕೊನೆಗೆ ತೋಟಕ್ಕೆ ಬೇಕಾಗುವುದು ಅದೇ. ರಾಶಿಯನ್ನು ಗೇಟಿನಿಂದ, ಮೋರಿಯಿಂದ ದೂರ, ಎತ್ತರದ ಜಾಗದಲ್ಲಿ ಇಡಿ. ಬುಡದ ಸುತ್ತ ಒಂದಡಿ ಬದು ಇರಲಿ. ಎರಡು ವಾರದೊಳಗೆ ಎತ್ತುವ ರಾಶಿಗೆ ಟಾರ್ಪಾಲ್ ಸಾಕು, ಅಂಚಿಗೆ ಟೈರು ಅಥವಾ ಕಲ್ಲು ಹೇರಿ. ತಿಂಗಳುಗಟ್ಟಲೆ ಇರುವ ರಾಶಿಗೆ ನನ್ನ ಉಪಾಯ ಹುರುಳಿ. ಮೇಲ್ಮೈ ಸ್ವಲ್ಪ ಕೆದರಿ, ಹುರುಳಿ ಕಾಳು ಎರಚಿ, ರಾಗಿ ಹುಲ್ಲು ತೆಳ್ಳಗೆ ಹರಡಿ ನೀರು ಚಿಮುಕಿಸಿ. ವಾರದೊಳಗೆ ಮೊಳಕೆ ಏಳುತ್ತದೆ, ತಿಂಗಳಲ್ಲಿ ಹಸಿರು ಹೊದಿಕೆ. ನಮ್ಮ ಹಾಸನದ ಕಡೆ ಹುರುಳಿ ಬೆಳೆಯಲು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಎಂಥ ಮಣ್ಣಿನಲ್ಲೂ ಬರುತ್ತದೆ. ಹಿಂದಿನ ಸೈಟಿನಲ್ಲಿ ಲೇಬರ್ ಕ್ಯಾಂಪಿನವರು ಆ ರಾಶಿಯಿಂದ ಸೊಪ್ಪು ಕಿತ್ತು ಸಾರು ಮಾಡಿದರು, ಬುಡ ಮಾತ್ರ ಕೀಳಬೇಡಿ ಅಂತ ಕೇಳಿಕೊಂಡೆ. ಕಡಿದಾದ ಇಳಿಜಾರಿಗೆ ತೆಂಗಿನ ನಾರಿನ ಚಾಪೆ ಹಾಸಿ ಗೂಟ ಹೊಡೆಯಿರಿ. ಬೀಜ ಅದರ ಕೆಳಗೆ ಇರಲಿ.

ಹಸಿರು ಬಲೆ ಫಿಲ್ಟರ್ ಅಲ್ಲ

ಶೇಡ್ ನೆಟ್ ಬಿಸಿಲಿಗೆ, ಧೂಳಿಗೆ. ಅದರ ಕಣ್ಣಿನಲ್ಲಿ ಮಣ್ಣು ನೀರು ಜರಡಿಯಲ್ಲಿ ನೀರು ಹೋದಂತೆ ಹೋಗುತ್ತದೆ. ಕೆಳಗಿನ ಅಂಚಿಗೆ ಬೇಕಾದ್ದು ಸಿಲ್ಟ್ ಫೆನ್ಸ್, ಅಂದರೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆಯ ಬೇಲಿ. ಇದನ್ನೂ ಹತ್ತರಲ್ಲಿ ಎಂಟು ಕಡೆ ತಪ್ಪಾಗಿ ಕಟ್ಟುತ್ತಾರೆ. ಬಟ್ಟೆಯ ಕೆಳಗಿನ ಅಂಚನ್ನು ಅರ್ಧ ಅಡಿ ಆಳದ ಕಾಲುವೆಯಲ್ಲಿ ಹೂತು ಮಣ್ಣು ತುಂಬಿ ತುಳಿಯಬೇಕು. ಸುಮ್ನೆ ನೆಲಕ್ಕೆ ತಾಗಿಸಿ ನಿಲ್ಲಿಸಿದರೆ ನೀರು ಅಡಿಯಲ್ಲಿ ನುಸುಳುತ್ತದೆ. ಗೂಟ ನೀರು ಬರುವ ಬದಿಗಲ್ಲ, ಹೋಗುವ ಬದಿಗೆ ಇರಬೇಕು. ಬೇಲಿ ಒಂದೇ ಮಟ್ಟದಲ್ಲಿ ಸಾಗಿ, ಎರಡು ತುದಿಗಳು ಇಳಿಜಾರಿನ ಮೇಲ್ಮುಖವಾಗಿ ಬಾಗಿರಬೇಕು. ಇಲ್ಲದಿದ್ದರೆ ನೀರು ಪಕ್ಕಕ್ಕೆ ಜಾರಿ ತಪ್ಪಿಸಿಕೊಳ್ಳುತ್ತದೆ. ಮಣ್ಣು ಬೇಲಿಯ ಮೂರನೇ ಒಂದು ಭಾಗದಷ್ಟು ಏರಿದರೆ ಬಾಚಿ ತೆಗೆಯಿರಿ. ನೀರು ಕಾಲುವೆಯಾಗಿ ಧುಮುಕುವ ಕಡೆ ಬಟ್ಟೆ ಕಟ್ಟಲೇಬೇಡಿ, ಹರಿದುಹೋಗುತ್ತದೆ. ಅಲ್ಲಿ ಕಲ್ಲಿನ ತಡೆ ಹಾಕಿ, ಮಧ್ಯ ಸ್ವಲ್ಪ ತಗ್ಗಿರಲಿ.

ಸಿಮೆಂಟ್ ಚೀಲಕ್ಕೆ ಎಂ-ಸ್ಯಾಂಡ್ ತುಂಬಿ ಅಡ್ಡ ಇಡುವುದು ನಮ್ಮಲ್ಲಿ ರೂಢಿ. ಆ ಚೀಲ ಬಿಸಿಲಿಗೆ ಒಂದೆರಡು ತಿಂಗಳಲ್ಲಿ ಪುಡಿಯಾಗುತ್ತದೆ, ಆಮೇಲೆ ಒಳಗಿನ ಮರಳೇ ಮೋರಿಗೆ. ಮರಳಿನ ಬದಲು ಜಲ್ಲಿ ತುಂಬಿ, ಚೀಲ ಬದಲಾಯಿಸುತ್ತಾ ಇರಿ.

ಹೂಳು ಕೂರುವ ಗುಂಡಿ, ಸ್ವಲ್ಪ ಲೆಕ್ಕ

ಇಷ್ಟಾದರೂ ಬಗ್ಗಡ ನೀರು ಬಂದೇ ಬರುತ್ತದೆ. ಅದಕ್ಕೆ ಗುಂಡಿ ಬೇಕು. ಎಷ್ಟು ದೊಡ್ಡದು?

ನಮ್ಮ ಸೈಟು ಮೂರು ಎಕರೆ, ಸುಮಾರು 12,000 ಚದರ ಮೀಟರ್. ಅದರಲ್ಲಿ ಅರ್ಧ ಬೇಸ್‌ಮೆಂಟ್ ಅಗೆತ. ಅಲ್ಲಿ ಬಿದ್ದ ಮಳೆ ಅಲ್ಲೇ ನಿಲ್ಲುತ್ತದೆ, ಅದರ ಕತೆ ಆಮೇಲೆ. ಉಳಿದ 6,000 ಚದರ ಮೀಟರಿಗೆ 50 ಮಿ.ಮೀ. ಮಳೆ ಬಿದ್ದರೆ 300 ಘನ ಮೀಟರ್. ಬರಿ ಮಣ್ಣಿನಲ್ಲಿ ನೂರಕ್ಕೆ ಅರವತ್ತು ಪಾಲು ಹರಿಯುತ್ತದೆ ಅಂತ ಹಿಡಿದರೆ 180 ಘನ ಮೀಟರ್. 12 ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 15 ಲೋಡು. ನಾವು 18 ಮೀಟರ್ ಉದ್ದ, 7 ಮೀಟರ್ ಅಗಲ, ಎರಡು ಮೀಟರ್ ಆಳ ಮಾಡಿದೆವು. ಒಂದೂವರೆ ಮೀಟರ್ ನೀರಿಗೆ, ಅರ್ಧ ಮೀಟರ್ ಹೂಳಿಗೆ. ಅಗಲಕ್ಕಿಂತ ಉದ್ದ ಎರಡು ಪಟ್ಟಿಗೂ ಜಾಸ್ತಿ ಇರಲಿ. ನೀರು ಒಂದು ತುದಿಯಲ್ಲಿ ಬಂದು ಇನ್ನೊಂದು ತುದಿಯಲ್ಲಿ ಹೋಗಲಿ, ಮಧ್ಯೆ ಎರಡು ಅಡ್ಡಗೋಡೆ ಕಟ್ಟಿ ಮೂರು ಕೋಣೆ ಮಾಡಿ. 50 ಮಿ.ಮೀ. ಮೀರಿದ ಮಳೆಗೆ ಕೆರೆಗಿದ್ದಂತೆ ಇದಕ್ಕೂ ಕಲ್ಲು ಹಾಸಿದ ಒಂದು ಕೋಡಿ ಬೇಕು. 2022ರ ಸೆಪ್ಟೆಂಬರ್ 5ರ ಬೆಳಿಗ್ಗೆವರೆಗಿನ ಒಂದೇ ದಿನದಲ್ಲಿ ಬೆಂಗಳೂರಿಗೆ 131.6 ಮಿ.ಮೀ. ಸುರಿಯಿತು. ಅಂಥ ಮಳೆಯನ್ನು ಹಿಡಿಯುವ ಗುಂಡಿ ಸೈಟಿನಲ್ಲಿ ಮಾಡಲು ಆಗುವುದಿಲ್ಲ. ಕೋಡಿ ಇದ್ದರೆ ಕಟ್ಟೆಯಾದರೂ ಒಡೆಯುವುದಿಲ್ಲ.

ಗುಂಡಿ ಸುತ್ತ ಗಟ್ಟಿ ಬೇಲಿ ಹಾಕಿ. ಕ್ಯಾಂಪಿನಲ್ಲಿ ಮಕ್ಕಳಿರುತ್ತಾರೆ. ಇದರಲ್ಲಿ ರಾಜಿ ಇಲ್ಲ.

ಈಗ ಮುಖ್ಯ ವಿಷಯ. ಗುಂಡಿಯಲ್ಲಿ ಮರಳು ತಕ್ಷಣ ಕೂರುತ್ತದೆ. ನುಣುಪು ಮಣ್ಣಿನ ಕಣ, ಮಿಲಿಮೀಟರಿನ ನೂರನೇ ಒಂದು ಪಾಲಿನದು, ಒಂದು ಮೀಟರ್ ಇಳಿಯಲು ಸುಮಾರು ಮೂರು ಗಂಟೆ ಬೇಕು. ಜೇಡಿಯ ಕಣ, ಮಿಲಿಮೀಟರಿನ ಸಾವಿರನೇ ಒಂದು ಪಾಲಿನದು, ಅಷ್ಟೇ ಆಳ ಇಳಿಯಲು ಹನ್ನೆರಡು ದಿನಕ್ಕೂ ಜಾಸ್ತಿ ತೆಗೆದುಕೊಳ್ಳುತ್ತದೆ. ನಮ್ಮ ಕೆಮ್ಮಣ್ಣಿನಲ್ಲಿ ಜೇಡಿ ಜಾಸ್ತಿ. ಅದಕ್ಕೇ ನಾಲ್ಕು ದಿನ ಬಿಟ್ಟರೂ ನೀರು ಚಹಾ ಬಣ್ಣದಲ್ಲೇ ಇರುತ್ತದೆ. ಗುಂಡಿ ದೊಡ್ಡದು ಮಾಡಿದರೂ ಇದು ಬಗೆಹರಿಯುವುದಿಲ್ಲ. ಪಟಿಕ ಬೇಕು, ಹಿಂದೆ ಮನೆಯಲ್ಲಿ ಮಳೆಗಾಲದ ನೀರಿಗೆ ಅಜ್ಜಿ ಉಜ್ಜುತ್ತಿದ್ದರಲ್ಲ, ಅದೇ.

ಎಷ್ಟು ಅಂತ ಅಂದಾಜಿಗೆ ಸುರಿಯಬೇಡಿ. ಹತ್ತು ಗ್ರಾಂ ಪಟಿಕದ ಪುಡಿಯನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿ. ಒಂದು ಲೀಟರಿನ ಐದು ಬಾಟಲಿಗೆ ಗುಂಡಿಯ ಬಗ್ಗಡ ನೀರು ತುಂಬಿ. ಔಷಧಿ ಅಂಗಡಿಯ ಸಿರಿಂಜಿನಲ್ಲಿ ಒಂದಕ್ಕೆ 2 ಮಿ.ಲೀ., ಮುಂದಿನದಕ್ಕೆ 4, 6, 8, 10 ಹೀಗೆ ಹಾಕಿ. ಪ್ರತಿ ಮಿ.ಲೀ. ಅಂದರೆ 10 ಮಿಲಿಗ್ರಾಂ. ಒಂದು ನಿಮಿಷ ಜೋರಾಗಿ ಅಲ್ಲಾಡಿಸಿ, ಹತ್ತು ನಿಮಿಷ ಮೆಲ್ಲಗೆ ಹೊರಳಿಸಿ, ಅರ್ಧ ಗಂಟೆ ಬಿಡಿ. ಮೊಸರು ಒಡೆದಂತೆ ಹೆಪ್ಪು ಕಟ್ಟಿ ಕೆಳಗೆ ಕೂತು, ಮೇಲೆ ನೀರು ತಿಳಿಯಾದ ಬಾಟಲಿಗಳಲ್ಲಿ ಎಲ್ಲಕ್ಕಿಂತ ಕಡಿಮೆ ಹಾಕಿದ್ದು ಯಾವುದೋ ಅದೇ ನಿಮ್ಮ ಪ್ರಮಾಣ. 6 ಮಿ.ಲೀ. ಬಂತು ಅನ್ನಿ, 180 ಘನ ಮೀಟರಿಗೆ ಸುಮಾರು 11 ಕೆ.ಜಿ. ಪಟಿಕ. ಜಾಸ್ತಿ ಹಾಕಿದರೆ ನೀರು ಹುಳಿಯಾಗುತ್ತದೆ, ಪಿಎಚ್ ಪಟ್ಟಿಯಲ್ಲಿ 6.5ಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳಿ. ಕೂತ ಕೆಸರು ಮೋರಿಗಲ್ಲ, ಒಣಗಿಸಿ ಮಣ್ಣಿನ ರಾಶಿಗೆ.

ಹೊರಗೆ ಬಿಡುವ ನೀರಿಗೆ ಕೇಂದ್ರದ ಸಾಮಾನ್ಯ ಮಾನದಂಡ ಹೀಗಿದೆ: ಕೆರೆ, ಹಳ್ಳಕ್ಕೆ ಬಿಡುವುದಾದರೆ ತೇಲುವ ಘನ ಕಣ ಲೀಟರಿಗೆ 100 ಮಿಲಿಗ್ರಾಂ ಮೀರಬಾರದು, ಪಿಎಚ್ 5.5ರಿಂದ 9ರ ನಡುವೆ, ಎಣ್ಣೆ ಜಿಡ್ಡು 10 ಮಿಲಿಗ್ರಾಂ ಒಳಗೆ. ಅದಕ್ಕೆ ಮಾನ್ಯತೆ ಇರುವ ಲ್ಯಾಬ್ ವರದಿಯೇ ಬೇಕು. ದಿನನಿತ್ಯಕ್ಕೆ ನನ್ನದೊಂದು ನಾಟಿ ಪರೀಕ್ಷೆ ಇದೆ. ಎರಡು ಲೀಟರ್ ಬಾಟಲಿಯ ಕುತ್ತಿಗೆ ಕತ್ತರಿಸಿ, ತಳಕ್ಕೆ ಒಂದು ರೂಪಾಯಿ ನಾಣ್ಯ ಹಾಕಿ, ನೀರು ತುಂಬಿ ಮೇಲಿನಿಂದ ನೋಡುವುದು. ನಾಣ್ಯದ ಮೇಲಿನ ಅಂಕಿ ಓದಲು ಬಂದರೆ ಗುಂಡಿಯ ನೀರು ಹೊರಗೆ ಬಿಡುವ ವಾಲ್ವ್ ತೆಗೆಯಬಹುದು. ಸಿಯಾಟಲ್‌ನಲ್ಲಿ ಇದೇ ಕೆಲಸದಲ್ಲಿರುವ ನನ್ನ ಕ್ಲಾಸ್‌ಮೇಟ್ ಇದನ್ನು ಕೇಳಿ ನಕ್ಕಳು, ಆಮೇಲೆ ತಮ್ಮಲ್ಲೂ ಹೆಚ್ಚು ಕಡಿಮೆ ಹೀಗೇ ಅಂದಳು. ಅಲ್ಲಿ ಉದ್ದನೆಯ ಪಾರದರ್ಶಕ ಕೊಳವೆ ಬಳಸುತ್ತಾರೆ. 33 ಸೆಂ.ಮೀ. ನೀರಿನ ಕೆಳಗಿನ ಗುರುತು ಕಂಡರೆ ಸರಿ. 6 ಸೆಂ.ಮೀ.ಗೇ ಕಾಣದಾದರೆ 24 ಗಂಟೆಯೊಳಗೆ ಇಲಾಖೆಗೆ ತಾವೇ ಫೋನ್ ಮಾಡಿ ಹೇಳಬೇಕಂತೆ. ತಾವೇ!

ಬೇಸ್‌ಮೆಂಟಿನ ನೀರು

ಮಳೆ ಆದ ಮೇಲೆ ಬೇಸ್‌ಮೆಂಟ್ ಗುಂಡಿ ಕೆರೆಯಾಗುತ್ತದೆ. ಸ್ಲ್ಯಾಬ್ ತಡವಾಗುತ್ತದೆ ಅಂತ ಎಲ್ಲರಿಗೂ ಅವಸರ. ಒಂದು ಸೈಟಿನಲ್ಲಿ ಕಂಟ್ರಾಕ್ಟರ್ ಕಡೆಯವರು ರಾತ್ರಿ ಹತ್ತರ ಮೇಲೆ ಪೈಪು ನೇರ ಮೋರಿಗೆ ಬಿಡುತ್ತಿದ್ದರು. ಬೆಳಿಗ್ಗೆ ಪೈಪು ಮಾಯ. ಆದರೆ ಮೋರಿಯಲ್ಲಿ ಬೀಸಣಿಗೆ ಆಕಾರದಲ್ಲಿ ಹರಡಿದ ನುಣ್ಣನೆಯ ಮಣ್ಣು ಇದ್ದೇ ಇತ್ತು. ಆಮೇಲೆ ಪಂಪಿನ ಸ್ಟಾರ್ಟರ್ ಪೆಟ್ಟಿಗೆಗೆ ಬೀಗ ಹಾಕಿ, ಬೀಗದಕೈ ಒಬ್ಬರ ಬಳಿ ಇಟ್ಟು, ಆನ್ ಆಫ್ ಸಮಯ ಪುಸ್ತಕದಲ್ಲಿ ಬರೆಸಲು ಶುರು ಮಾಡಿದೆ.

ಸಬ್‌ಮರ್ಸಿಬಲ್ ಪಂಪನ್ನು ತಳಕ್ಕೆ ಬಿಟ್ಟರೆ ಅದು ಎತ್ತುವುದು ಕೆಸರನ್ನೇ. ಖಾಲಿ ಡ್ರಮ್ಮಿಗೆ ಕಟ್ಟಿ, ಮೇಲಿನಿಂದ ಎರಡಡಿ ಕೆಳಗೆ ತೂಗುವಂತೆ ತೇಲಿಸಿ. ನೀರು ಇಳಿದಂತೆ ಪಂಪೂ ಇಳಿಯುತ್ತದೆ, ತಿಳಿ ನೀರು ಮೊದಲು ಬರುತ್ತದೆ. ಕೊನೆಯ ಒಂದಡಿ ರಾಡಿ ಹೂಳಿನ ಗುಂಡಿಗೆ ಹೋಗಲಿ. ತಿಳಿ ನೀರನ್ನು ಹೊರಗೆ ಬಿಡುವುದಕ್ಕಿಂತ ಡ್ರಮ್ಮಿನಲ್ಲಿ ಹಿಡಿದು ಕ್ಯೂರಿಂಗಿಗೆ, ಧೂಳು ಕೂರಿಸಲು, ಚಕ್ರ ತೊಳೆಯಲು ಬಳಸಿ. 2024ರ ಮಾರ್ಚಿನಲ್ಲಿ ಕುಡಿಯುವ ನೀರನ್ನು ಕಟ್ಟಡಕ್ಕೆ ಬಳಸಿದರೆ ಐದು ಸಾವಿರ ದಂಡ ಅಂತ ಜಲಮಂಡಳಿ ಹೇಳಿದಾಗ, ಟ್ಯಾಂಕರಿಗಾಗಿ ಅಲೆದವರಿಗೆ ಈ ನೀರಿನ ಬೆಲೆ ಗೊತ್ತು.

ಗೇಟು

ಟಿಪ್ಪರ್ ಚಕ್ರದಲ್ಲಿ ಹೋಗುವ ಮಣ್ಣು ಕಡಿಮೆ ಅಲ್ಲ. ಗೇಟಿನ ಒಳಗೆ 15 ಮೀಟರ್ ಉದ್ದಕ್ಕೆ, ಕೆಳಗೆ ಜಿಯೋಟೆಕ್ಸ್‌ಟೈಲ್ ಹಾಸಿ, ಎರಡು ಮೂರು ಇಂಚಿನ ದಪ್ಪ ಜಲ್ಲಿ ಮುಕ್ಕಾಲು ಅಡಿ ತುಂಬಿ. ಬಟ್ಟೆ ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ಜಲ್ಲಿ ಮಣ್ಣಿನೊಳಗೆ ಇಳಿದುಹೋಗುತ್ತದೆ. ಚಕ್ರ ತೊಳೆಯುವ ಜಾಗದ ನೀರು ಹೂಳಿನ ಗುಂಡಿಗೇ ಹೋಗಬೇಕು. ರಸ್ತೆಗೆ ಬಿದ್ದ ಮಣ್ಣನ್ನು ಅವತ್ತೇ ಗುಡಿಸಿ, ಬಾಂಡ್ಲಿಯಲ್ಲಿ ತುಂಬಿ ಒಳಗೆ ತನ್ನಿ. ಪೈಪು ಹಿಡಿದು ತೊಳೆದರೆ ರಸ್ತೆ ಪಳಪಳ, ಮೋರಿ ಭರ್ತಿ.

ಸಿಮೆಂಟ್ ನೀರು, ಎಣ್ಣೆ, ಕ್ಯಾಂಪು

ಕಾಂಕ್ರೀಟು ತರುವ ಲಾರಿ, ಅಂದರೆ ಟ್ರಾನ್ಸಿಟ್ ಮಿಕ್ಸರ್ ತೊಳೆದ ನೀರು ನೋಡಲು ಬೂದಿ ನೀರು, ಆದರೆ ಪಿಎಚ್ 12ರ ಹತ್ತಿರ. ಕೈ ಸುಡುತ್ತದೆ, ಕಪ್ಪೆ ಮೀನು ಉಳಿಯುವುದಿಲ್ಲ. ಟಾರ್ಪಾಲ್ ಹಾಸಿದ ಗುಂಡಿಯೊಂದನ್ನು ಇದಕ್ಕೇ ಮೀಸಲಿಡಿ, ಮೇಲೆ ಒಂದಡಿ ಖಾಲಿ ಇರಲಿ. ಡ್ರೈವರುಗಳಿಗೆ ಕಾಣುವಂತೆ ಕನ್ನಡ, ಹಿಂದಿ ಎರಡರಲ್ಲೂ ಬೋರ್ಡ್ ಹಾಕಿ. ನೀರು ಆವಿಯಾಗಿ ಗಟ್ಟಿಯಾದದ್ದನ್ನು ಒಡೆದು ಒಳರಸ್ತೆಗೆ ತುಂಬಿ.

ಡೀಸೆಲ್ ಡ್ರಮ್ಮು ಸೂರಿನಡಿ ಇರಲಿ. ಕೆಳಗೆ ಒಂದು ತೊಟ್ಟಿ ಇಡಿ, ದೊಡ್ಡ ಡ್ರಮ್ಮು ಪೂರ್ತಿ ಚೆಲ್ಲಿದರೂ ಹಿಡಿಯುವಷ್ಟು, ಮೇಲೆ ನೂರಕ್ಕೆ ಹತ್ತು ಪಾಲು ಜಾಸ್ತಿ. ಪಕ್ಕದಲ್ಲಿ ಒಂದು ಚೀಲ ಮರದ ಹೊಟ್ಟು. ಸುಟ್ಟ ಎಂಜಿನ್ ಆಯಿಲ್ ಅಪಾಯಕಾರಿ ತ್ಯಾಜ್ಯ, ಗುಜರಿಗಲ್ಲ, ಪರವಾನಗಿ ಇರುವವರಿಗೇ ಕೊಟ್ಟು ರಸೀದಿ ಇಟ್ಟುಕೊಳ್ಳಿ. ಕ್ಯಾಂಪಿನ ಶೌಚಾಲಯದ ನೀರು, ಬಟ್ಟೆ ತೊಳೆದ ನೀರು ಮಳೆ ಮೋರಿಗೆ ಸೇರಿದೆಯಾ ಅಂತ ತಿಂಗಳಿಗೊಮ್ಮೆ ನೀವೇ ಹೋಗಿ ನೋಡಿ. ಯಾರನ್ನೋ ಕೇಳಿದರೆ "ಇಲ್ಲ" ಅಂತಲೇ ಉತ್ತರ ಬರುವುದು.

ಪುಸ್ತಕ

ಪ್ರತಿ ಶನಿವಾರ ಒಂದು ಸುತ್ತು, 10 ಮಿ.ಮೀ. ಮೀರಿದ ಮಳೆಯ ಮರುದಿನ ಇನ್ನೊಂದು ಸುತ್ತು. ಸೈಟಿನಲ್ಲಿ ಒಂದು ಪ್ಲಾಸ್ಟಿಕ್ ಮಳೆಮಾಪಕ ಇಡಿ, ಹವಾಮಾನ ಇಲಾಖೆಯವರಂತೆ ಬೆಳಿಗ್ಗೆ 8:30ಕ್ಕೆ ಓದಿ ಬರೆಯಿರಿ. ಹಾಗಾದರೆ ಅವರ ಲೆಕ್ಕಕ್ಕೆ ನಿಮ್ಮದನ್ನು ಹೋಲಿಸಬಹುದು. ಮಳೆ ಎಷ್ಟು, ಏನು ಒಡೆದಿದೆ, ಯಾರಿಗೆ ಹೇಳಿದೆ, ಯಾವತ್ತು ಸರಿಯಾಯಿತು, ಇಷ್ಟು ಸಾಕು. ಫೋಟೊ ಪ್ರತಿ ಸಲ ಅದೇ ಜಾಗದಲ್ಲಿ ನಿಂತು ತೆಗೆಯಿರಿ, ನಾನು ಆರು ಕಡೆ ನೆಲಕ್ಕೆ ಪೇಂಟಿನಲ್ಲಿ ಹೆಜ್ಜೆ ಗುರುತು ಹಾಕಿಸಿದ್ದೇನೆ. ಜೂನ್ ವರದಿಗೆ ಕೂತಾಗ ಈ ಪುಸ್ತಕವೇ ಅರ್ಧ ವರದಿ ಬರೆದುಕೊಟ್ಟಿರುತ್ತದೆ. ಅಕ್ಕಪಕ್ಕದವರ ದೂರು ಬಂದರೂ ಇದೇ ಪುಸ್ತಕದಲ್ಲಿ ಬರೆಯಿರಿ. ಆ ಸಂಪಿನ ಯಜಮಾನರ ದೂರು ನನ್ನ ಮೊದಲ ಪುಸ್ತಕದ ಮೊದಲ ಪುಟದಲ್ಲಿದೆ.

ಸ್ವಂತ ಮನೆ ಕಟ್ಟುವವರಿಗೆ: 30×40 ಸೈಟಿನಲ್ಲಿ ಗುಂಡಿ, ಬೇಲಿಗೆ ಜಾಗ ಇರುವುದಿಲ್ಲ. ರಸ್ತೆ ಬದಿ ಸುರಿದ ಎಂ-ಸ್ಯಾಂಡ್ ಸುತ್ತ ಎರಡು ವರಸೆ ಇಟ್ಟಿಗೆ ಜೋಡಿಸಿ, ರಾತ್ರಿ ಟಾರ್ಪಾಲ್ ಮುಚ್ಚಿ, ಮೋರಿ ಬಾಯಿಯ ಮುಂದೆ ಜಲ್ಲಿ ಚೀಲ ಇಡಿ. ಬಾಯಿ ಪೂರ್ತಿ ಮುಚ್ಚಬೇಡಿ, ರಸ್ತೆ ತುಂಬುತ್ತದೆ. ಕೊಚ್ಚಿಹೋಗುವ ಮರಳಿಗೆ ದುಡ್ಡು ಕೊಟ್ಟಿರುವವರು ನೀವೇ ಅಲ್ವಾ?

ಕೆಲಸ ಮುಗಿಯುವಾಗ ಮಾಡುವ ಒಂದು ತಪ್ಪು ಹೇಳಿಬಿಡುತ್ತೇನೆ. ಮಳೆಕೊಯ್ಲಿನ ಇಂಗುಗುಂಡಿಗಳನ್ನು ಬೇಗ ಕಟ್ಟಿ, ಇನ್ನೂ ಬರಿ ಮಣ್ಣಿರುವಾಗಲೇ ಅದಕ್ಕೆ ನೀರು ಬಿಡುತ್ತಾರೆ. ಜೇಡಿ ಹೋಗಿ ಜಲ್ಲಿಯ ಸಂದಿ ಮುಚ್ಚಿಕೊಂಡರೆ ಗುಂಡಿ ಇಂಗುವುದಿಲ್ಲ, ಎಲ್ಲ ತೆಗೆದು ತೊಳೆದು ಹಾಕಬೇಕು. ಗುಂಡಿಗೆ ಬರುವ ಪೈಪುಗಳಿಗೆ ಎಂಡ್ ಕ್ಯಾಪ್ ಹಾಕಿಡಿ, ಹುಲ್ಲು ಬೇರು ಹಿಡಿದ ಮೇಲೆ ತೆಗೆಯಿರಿ. ಎಷ್ಟು ಕ್ಯಾಪ್ ಹಾಕಿದಿರಿ, ಎಲ್ಲೆಲ್ಲಿ ಅಂತ ಹಸ್ತಾಂತರದ ಪಟ್ಟಿಯಲ್ಲಿ ಬರೆಯಿರಿ. ಹೋದ ಸೈಟಿನಲ್ಲಿ ನಾವು ಹದಿನಾಲ್ಕು ಹಾಕಿದ್ದೆವು, ಹದಿಮೂರು ತೆಗೆದೆವು. ಹದಿನಾಲ್ಕನೆಯದು ಎಲ್ಲಿದೆ ಅಂತ ಗೊತ್ತಾದದ್ದು ಮುಂದಿನ ಮೇ ತಿಂಗಳ ಮಳೆಗೆ, ಬಿ ಬ್ಲಾಕಿನ ಪಾರ್ಕಿಂಗಿನಲ್ಲಿ ಮೊಣಕಾಲುದ್ದ ನೀರು ನಿಂತಾಗ.